ವಾಸನೆ ತೆಗೆದ ಕಡಲು

ಕಳೆದ ದೀಪಾವಳಿಗೆ ಅಣ್ಣನ ಮಗಳು ನನಗೊಂದು ಚಿಕ್ಕ ಪೆಟ್ಟಿಗೆ ತಂದುಕೊಟ್ಟಳು. ಒಳಗೆ ಎರಡು ಸಾಮಾನು ಇದ್ದವು. ಒಂದು ನೀಲಿ ಡಬ್ಬಿಯ ಕ್ರೀಮ್. ಮುಚ್ಚಳದ ಮೇಲೆ ಅಲೆಯ ಚಿತ್ರ, ಅದರ ಕೆಳಗೆ 'ಮರೈನ್' ಅಂತ ದೊಡ್ಡ ಅಕ್ಷರ. ಇನ್ನೊಂದು ಗಾಜಿನ ಪುಟ್ಟ ಬಾಟಲಿ. ಅದರಲ್ಲಿ ನೀರಿನಷ್ಟೇ ತಿಳಿಯಾದ ಎಣ್ಣೆ. 'ಸ್ಕ್ವಾಲೇನ್' ಅಂತ ಬರೆದಿತ್ತು. "ಅತ್ತೆ, ಬೆಂಗಳೂರಿನ ಚಳಿಗೆ ನಿಮ್ಮ ಮುಖ ಒಡೆಯುತ್ತಲ್ಲ, ರಾತ್ರಿ ಎರಡು ಹನಿ ಹಚ್ಚಿ ನೋಡಿ" ಅಂದಳು.

ನಾನು ಮೊದಲು ಎರಡನ್ನೂ ಮೂಸಿ ನೋಡಿದೆ. ಮೀನಿನ ಮನೆಯಲ್ಲಿ ಬೆಳೆದವರಿಗೆ ಇದು ಅಭ್ಯಾಸ. ಬುಟ್ಟಿಯಲ್ಲಿರುವ ಮೀನು ಇವತ್ತಿನದಾ, ನಿನ್ನೆಯದಾ ಅಂತ ಕಣ್ಣಿಗಿಂತ ಮೊದಲು ಮೂಗು ಹೇಳುತ್ತದೆ. ಕ್ರೀಮಿಗೆ ಒಂದು ತಣ್ಣನೆಯ ಪರಿಮಳ ಇತ್ತು, ಕಲ್ಲಂಗಡಿ ಸಿಪ್ಪೆಯ ಹತ್ತಿರದ್ದು. ಎಣ್ಣೆಗೆ ಏನೂ ಇರಲಿಲ್ಲ. ಕೈಗೆ ಹಚ್ಚಿಕೊಂಡು, ಉಜ್ಜಿ, ಬಿಸಿ ಮಾಡಿ ಮೂಸಿದರೂ ಏನೂ ಇಲ್ಲ. ಮುಚ್ಚಳದ ಮೇಲೆ ಕಡಲು ಇದೆ, ಒಳಗೆ ಕಡಲಿನ ಒಂದು ಎಳೆ ವಾಸನೆಯೂ ಇಲ್ಲ. ಅದನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.

ನಮ್ಮ ಊರು ಕುಂದಾಪುರದ ಹತ್ತಿರ, ಕಡಲ ಬದಿಗೆ. ನಾವು ಮೊಗವೀರರು. ಅಜ್ಜ ದೋಣಿಗೆ ಹೋಗುತ್ತಿದ್ದರು. ಅಜ್ಜಿ ತಲೆಯ ಮೇಲೆ ಬುಟ್ಟಿ ಹೊತ್ತು ಮನೆ ಮನೆಗೆ ಮೀನು ಮಾರುತ್ತಿದ್ದರು. ನಾನು ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗುವಾಗ ಒಂದು ದಿನ ಪಕ್ಕದಲ್ಲಿ ಕೂತಿದ್ದ ಹುಡುಗಿ ಎದ್ದು ಹಿಂದಿನ ಸೀಟಿಗೆ ಹೋದಳು. ಅವಳು ಏನೂ ಹೇಳಲಿಲ್ಲ. ಹೇಳಬೇಕಾದ್ದು ಏನೂ ಇರಲಿಲ್ಲ. ಬೆಳಗ್ಗೆ ಅಜ್ಜಿಯ ಜೊತೆ ಬೈಗೆ ಮೀನು, ಅಂದರೆ ಭೂತಾಯಿ, ಆರಿಸಿಕೊಟ್ಟು ಬಂದಿದ್ದೆ. ಮಾರನೆಯ ದಿನದಿಂದ ಕುತ್ತಿಗೆಗೆ, ಕೈಗೆ, ಜಡೆಗೆ ಕೂಡ ಟಾಲ್ಕಂ ಪೌಡರ್ ಹಾಕಿಕೊಂಡು ಹೋಗತೊಡಗಿದೆ. ಅಜ್ಜಿ ನೋಡಿ, "ಪೌಡ್ರ್ ಹಾಕಿರೆ ಮೀನ್ ವಾಸ್ನಿ ಹೋತ್ತಾ ಮಗಾ? ಎರ್ಡೂ ಬತ್ತ್" ಅಂದರು. ನಿಜವೇ. ಎರಡೂ ಬರುತ್ತಿತ್ತು.

ಅಜ್ಜಿಗೆ ಬೇರೆ ಉಪಾಯ ಗೊತ್ತಿತ್ತು. ಮೀನು ಮುಗಿದ ಮೇಲೆ ಹುಣಸೆಹುಳಿಯಲ್ಲಿ ಕೈ ಉಜ್ಜಿಕೊಳ್ಳುತ್ತಿದ್ದರು. ಮೀನಿನ ವಾಸನೆಯಲ್ಲಿ ದೊಡ್ಡ ಪಾಲು ಟ್ರೈಮಿಥೈಲ್ ಅಮೀನ್ ಅನ್ನುವ ವಸ್ತುವಿನದು. ಹುಳಿ ತಾಗಿದರೆ ಅದು ಉಪ್ಪಿನಂಥ ಒಂದು ರೂಪಕ್ಕೆ ತಿರುಗುತ್ತದೆ. ಆಮೇಲೆ ಗಾಳಿಗೆ ಏಳುವುದಿಲ್ಲ, ನೀರಲ್ಲಿ ತೊಳೆದುಹೋಗುತ್ತದೆ. ಈ ಕಾರಣ ನನಗೆ ಗೊತ್ತಾಗಿದ್ದು ಕಾಲೇಜಿನಲ್ಲಿ. ಅಜ್ಜಿಗೆ ಕಾರಣ ಬೇಕಿರಲಿಲ್ಲ, ಹುಣಸೆಹಣ್ಣು ಸಾಕಿತ್ತು.

ಇಷ್ಟೆಲ್ಲ ನೆನಪಾಗಿದ್ದು ಆ ವಾಸನೆ ಇಲ್ಲದ ಬಾಟಲಿಯಿಂದ. ಈ ವಾಸನೆ ತೆಗೆಯುವ ಕೆಲಸವನ್ನು ಯಾರು, ಎಲ್ಲಿ, ಹೇಗೆ ಮಾಡಿದರು ಅಂತ ಹುಡುಕುತ್ತಾ ಹೋದೆ. ಆರು ತಿಂಗಳು ಅದೇ ಗುಂಗಿನಲ್ಲಿದ್ದೆ.

ಸ್ಕ್ವಾಲೇನ್‌ನಿಂದ ಶುರುಮಾಡುತ್ತೇನೆ. 1906ರಲ್ಲಿ ಜಪಾನಿನ ಮಿತ್ಸುಮಾರು ತ್ಸುಜಿಮೊಟೊ ಅನ್ನುವ ಎಣ್ಣೆ ತಜ್ಞ ಶಾರ್ಕ್ ಮೀನಿನ ಲಿವರ್ ಎಣ್ಣೆಯಲ್ಲಿ ಒಂದು ಹೊಸ ವಸ್ತು ಕಂಡ. ಉಳಿದ ಎಣ್ಣೆಗಳ ಹಾಗೆ ಅದರಲ್ಲಿ ಕೊಬ್ಬಿನ ಆಮ್ಲ ಇರಲಿಲ್ಲ. ಬರೀ ಇಂಗಾಲ, ಬರೀ ಜಲಜನಕ. ಹತ್ತು ವರ್ಷದ ಮೇಲೆ, 1916ರಲ್ಲಿ, ಶಾರ್ಕ್‌ನ ಒಂದು ಕುಟುಂಬದ ಲ್ಯಾಟಿನ್ ಹೆಸರು ಹಿಡಿದು ಅದಕ್ಕೆ 'ಸ್ಕ್ವಾಲೀನ್' ಅಂತ ಹೆಸರಿಟ್ಟ. ಹೆಸರಿನಲ್ಲೇ ಮೀನು ಇದೆ.

ಶಾರ್ಕ್‌ಗೆ ನಾವು ತಾಟೆ ಅನ್ನುತ್ತೇವೆ. ತಾಟೆಗೆ ಬೇರೆ ಮೀನುಗಳ ಹಾಗೆ ಹೊಟ್ಟೆಯೊಳಗೆ ಗಾಳಿಯ ಚೀಲ ಇರುವುದಿಲ್ಲ. ಮುಳುಗದೆ ತೇಲಲು ಅದಕ್ಕೆ ಲಿವರ್‌ನ ಎಣ್ಣೆಯೇ ಆಸರೆ. ಆಳದಲ್ಲಿ, ಬೆಳಕು ಮುಟ್ಟದ ಕಡೆ ಇರುವ ಶಾರ್ಕ್‌ಗಳಲ್ಲಿ ಲಿವರ್ ಮೈತೂಕದ ಕಾಲು ಭಾಗದಷ್ಟು ಇರುವುದೂ ಉಂಟು. ಆ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಸ್ಕ್ವಾಲೀನ್ ಇರಬಹುದು. ನೀರಿಗಿಂತ ಹಗುರವಾದ ಎಣ್ಣೆ ಅದು. ಆ ಜೀವವನ್ನು ಮೇಲೆತ್ತಿ ಹಿಡಿಯುವುದೇ ಅದರ ಕೆಲಸ.

ಇದು ನಮ್ಮ ಚರ್ಮಕ್ಕೆ ಯಾಕೆ ಇಷ್ಟು ಹೊಂದಿಕೊಳ್ಳುತ್ತದೆ ಅನ್ನುವುದಕ್ಕೆ ಉತ್ತರ ಸರಳ. ನಮ್ಮ ಚರ್ಮವೂ ಸ್ಕ್ವಾಲೀನ್ ಮಾಡುತ್ತದೆ. ಮುಖದ ಮೇಲೆ ಹೊರಡುವ ಜಿಡ್ಡಿನಲ್ಲಿ ನೂರಕ್ಕೆ ಸುಮಾರು ಹನ್ನೆರಡು ಪಾಲು ಅದೇ ಇರುತ್ತದೆ. ಕಿಟಕಿಯ ಗಾಜಿನ ಮೇಲೆ ಉಳಿಯುವ ಬೆರಳಿನ ಗುರುತಿನಲ್ಲೂ ಅದು ಇದೆ. ಕತ್ತಲೆಯ ಕಡಲಿನ ಒಂದು ಮೀನು, ಬಸ್ಸಿನ ಕಿಟಕಿಗೆ ಕೈ ಇಟ್ಟು ಕೂತ ಒಬ್ಬ ಹುಡುಗಿ, ಇಬ್ಬರ ಮೈಯಲ್ಲೂ ಒಂದೇ ಎಣ್ಣೆ. ಇದನ್ನು ಓದಿದ ದಿನ ನನಗೆ ಸುಮ್ನೆ ಖುಷಿಯಾಗಿತ್ತು.

ಆದರೆ ಸ್ಕ್ವಾಲೀನ್ ಬೇಗ ಕೆಡುತ್ತದೆ. ಗಾಳಿ ತಾಗಿದರೆ ಕಮಟು ವಾಸನೆ ಬರುತ್ತದೆ. ಅದಕ್ಕೆ ಜಲಜನಕ ಸೇರಿಸಿ ಗಟ್ಟಿ ಸ್ವಭಾವದ್ದು ಮಾಡಿದರೆ ಸ್ಕ್ವಾಲೇನ್ ಆಗುತ್ತದೆ. ಬರೆಯುವಾಗ 'ಲೀ' ಹೋಗಿ 'ಲೇ' ಬಂತು, ಅಷ್ಟೇ. ಬಾಟಲಿಯಲ್ಲಿ ಮಾತ್ರ ಬಣ್ಣ ಹೋಯಿತು, ವಾಸನೆ ಹೋಯಿತು. ಅದು ವರ್ಷಗಟ್ಟಲೆ ಕೆಡದೆ ಕೂರುತ್ತದೆ. ಲಿಪ್‌ಸ್ಟಿಕ್, ಸೀರಮ್, ಕಣ್ಣಿನ ಕೆಳಗೆ ಹಚ್ಚುವ ಕ್ರೀಮ್, ಎಲ್ಲದಕ್ಕೂ ಹೋಯಿತು.

ಇದಕ್ಕೆಲ್ಲ ಬೆಲೆ ತೆತ್ತಿದ್ದು ಶಾರ್ಕ್. ಆಳದ ಶಾರ್ಕ್‌ಗಳು ಬೆಳೆಯುವುದು ಬಹಳ ನಿಧಾನ. ಗಲ್ಪರ್ ಶಾರ್ಕ್ ಜಾತಿಯವು ಒಂದು ಸಲಕ್ಕೆ ಹಾಕುವ ಮರಿ ತೀರಾ ಕಡಿಮೆ, ಕೆಲವು ಜಾತಿಗಳಲ್ಲಿ ಒಂದೆರಡೇ. ಬೈಗೆ ಹಾಗಲ್ಲ, ಒಂದು ವರ್ಷ ಕಾಣದೆ ಹೋದರೂ ಇನ್ನೊಂದು ವರ್ಷ ಬಲೆ ತುಂಬಾ ಬರಬಹುದು. ಗಲ್ಪರ್ ಶಾರ್ಕ್ ಒಮ್ಮೆ ಕಡಿಮೆಯಾದರೆ ನಮ್ಮ ಆಯಸ್ಸಿನಲ್ಲಿ ತಿರುಗಿ ತುಂಬುವುದು ಕಷ್ಟ. ಅಟ್ಲಾಂಟಿಕ್‌ನಲ್ಲಿ ಹೀಗೆ ಆಗಿದೆ. ನಮ್ಮ ಕಡೆಯೂ ಇದರ ಕತೆ ಇದೆ. ಕನ್ಯಾಕುಮಾರಿ ಜಿಲ್ಲೆಯ ತೂತ್ತೂರಿನವರು ಆಳದ ಶಾರ್ಕ್ ಹಿಡಿಯುವುದರಲ್ಲಿ ಹೆಸರಾದವರು. ಕೊಚ್ಚಿಯ ಬಂದರಿಗೆ ಲಿವರ್ ಎಣ್ಣೆಗಾಗಿಯೇ ಈ ಮೀನು ಬರುತ್ತಿತ್ತು. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಮನೆಯಿಂದ ವಾರಗಟ್ಟಲೆ ದೂರ, ಸಾವಿರಾರು ಅಡಿ ನೀರಿನ ಮೇಲೆ ಗಾಳ ಬಿಟ್ಟು ಕೂರುವವರ ಕಷ್ಟ ನನಗೆ ಗೊತ್ತು. ಆ ಎಣ್ಣೆ ಕೊನೆಗೆ ಯಾರ ಕೆನ್ನೆಗೆ ಹೋಗುತ್ತದೆ ಅಂತ ಅವರಿಗೆ ಹೇಳಿದವರು ಯಾರೂ ಇರಲಿಕ್ಕಿಲ್ಲ.

2008ರಲ್ಲಿ ಯೂನಿಲಿವರ್, ಲೋರಿಯಾಲ್‌ನಂಥ ದೊಡ್ಡ ಕಂಪನಿಗಳು ಶಾರ್ಕ್‌ನ ಸ್ಕ್ವಾಲೇನ್ ಬಿಡುತ್ತೇವೆ ಅಂದವು. ಕಡಲ ಜೀವಿಗಳ ಪರ ಕೆಲಸ ಮಾಡುವವರು ಒತ್ತಾಯ ಮಾಡಿದ್ದರಿಂದ ಅದು ಆಯಿತು. ಹಾಗಾದರೆ ಬದಲಿ ಏನು? ಒಂದು, ಆಲಿವ್. ಆಲಿವ್ ಎಣ್ಣೆ ಶುದ್ಧ ಮಾಡುವಾಗ ಕೊನೆಗೆ ಒಂದು ಹಂತ ಇದೆ, ಆವಿ ಹಾಯಿಸಿ ವಾಸನೆ ತೆಗೆಯುವುದು. ಆ ಆವಿಯ ಜೊತೆ ಹಾರಿಹೋಗಿ ಒಂದು ಕಡೆ ಕೂಡುವ ಕಸದಲ್ಲಿ ಸ್ಕ್ವಾಲೀನ್ ತುಂಬಿರುತ್ತದೆ. ಅದನ್ನು ಬೇರೆ ಮಾಡಿ ಮಾರುತ್ತಾರೆ. ವಾಸನೆ ತೆಗೆದವರ ತಿಪ್ಪೆಯಲ್ಲೇ ಇದು ಸಿಕ್ಕಿತು ಅಂತ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಎದ್ದು ಒಂದು ಸುತ್ತು ಓಡಾಡಿ ಬಂದೆ.

ಇನ್ನೊಂದು, ಕಬ್ಬು. ಕ್ಯಾಲಿಫೋರ್ನಿಯಾದ ಅಮಿರಿಸ್ ಅನ್ನುವ ಕಂಪನಿ ಮೊದಲು ಮಲೇರಿಯಾ ಔಷಧಿಗಾಗಿ ಯೀಸ್ಟ್ ಪಳಗಿಸಿತ್ತು. ಅದೇ ಬಗೆಯ ವಿದ್ಯೆಯಿಂದ ಕಬ್ಬಿನ ಸಕ್ಕರೆ ತಿಂದು ಫಾರ್ನೆಸೀನ್ ಅನ್ನುವ ಎಣ್ಣೆ ಬಿಡುವ ಯೀಸ್ಟ್ ಮಾಡಿತು. ಅದರಲ್ಲಿ ಹದಿನೈದು ಇಂಗಾಲ. ಎರಡನ್ನು ಜೋಡಿಸಿದರೆ ಮೂವತ್ತು, ಅಲ್ಲಿಗೆ ಸ್ಕ್ವಾಲೇನ್. ಬ್ರೆಜಿಲ್‌ನ ಕಬ್ಬಿನಿಂದ ಹೀಗೆ ತಯಾರಾಗಿದ್ದು ಇವತ್ತು ಎಷ್ಟೋ ಬಾಟಲಿಗಳಲ್ಲಿದೆ. ಮಂಡ್ಯದವರು ಇದನ್ನು ಗಮನಿಸಬೇಕು ಅಂತ ನನ್ನ ಆಸೆ.

ಈಗ ನನ್ನನ್ನು ಕಾಡಿದ ವಿಷಯಕ್ಕೆ ಬರುತ್ತೇನೆ. ಶಾರ್ಕ್‌ನಿಂದ ಬಂದರೂ, ಆಲಿವ್‌ನಿಂದ ಬಂದರೂ, ಕಬ್ಬಿನಿಂದ ಬಂದರೂ ಬಾಟಲಿಯ ಹಿಂದಿನ ಪಟ್ಟಿಯಲ್ಲಿ ಒಂದೇ ಮಾತು: ಸ್ಕ್ವಾಲೇನ್. ಎಲ್ಲಿಂದ ಬಂತು ಅಂತ ಕಂಪನಿ ತಾನಾಗಿ ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಮೂಗಿಗೆ ಗೊತ್ತಾಗುವುದಿಲ್ಲ, ನಾಲಿಗೆಗೆ ಗೊತ್ತಾಗುವುದಿಲ್ಲ. ಪ್ರಯೋಗಾಲಯದವರಿಗೆ ಗೊತ್ತಾಗುತ್ತದೆ. ಇಂಗಾಲದಲ್ಲಿ ಹಗುರದ್ದು, ಸ್ವಲ್ಪ ಭಾರದ್ದು ಅಂತ ಎರಡು ಬಗೆ ಇವೆ. ಕಬ್ಬಿನಲ್ಲಿ, ಆಲಿವ್‌ನಲ್ಲಿ, ಕಡಲಿನ ಜೀವಿಯಲ್ಲಿ ಅವುಗಳ ಲೆಕ್ಕ ಬೇರೆ ಬೇರೆ. ವಾಸನೆ, ಬಣ್ಣ, ರುಚಿ ಎಲ್ಲ ತೆಗೆದರೂ ಈ ಲೆಕ್ಕ ಹೋಗುವುದಿಲ್ಲ. ಅದನ್ನು ಎಣಿಸಿ ಇದು ಶಾರ್ಕ್, ಇದು ಶಾರ್ಕ್ ಅಲ್ಲ ಅಂತ ಹೇಳುತ್ತಾರೆ. ಅಂಗಡಿಯಲ್ಲಿ ನಿಂತ ನಮ್ಮ ಹತ್ತಿರ ಅಂಥ ಯಂತ್ರ ಇಲ್ಲ. ಹಾಗಾಗಿ ನಾನು ಈಗ ಬರೆದು ಕೇಳುತ್ತೇನೆ. ಆ ಬಾಟಲಿಯ ಕಂಪನಿಗೂ ಬರೆದೆ. ಕಬ್ಬಿನದು ಅಂತ ಉತ್ತರ ಬಂತು. ಅಂದರೆ ಅದು ಕಡಲಿನದೇ ಅಲ್ಲ. ವಾಸನೆ ಇಲ್ಲ ಅಂತ ನಾನು ಅಷ್ಟು ಹೊತ್ತು ಹುಡುಕಿದ ಕಡಲು ಅದರಲ್ಲಿ ಇರಲೇ ಇಲ್ಲ. ನನಗೆ ಸಮಾಧಾನವೇ ಆಯಿತು. ಎಲ್ಲೋ ಒಂದು ತಾಟೆ ತನ್ನ ಪಾಡಿಗೆ ಇದೆಯಲ್ಲ.

ಮೀನೆಣ್ಣೆಯ ವಾಸನೆ ಹೊಡೆದೋಡಿಸುವ ಪ್ರಯತ್ನ ನಮ್ಮ ಕರಾವಳಿಗೆ ಹಳೆಯದು. ಬೈಗೆ ರಾಶಿ ಬಿದ್ದ ವರ್ಷಗಳಲ್ಲಿ ದೊಡ್ಡ ಕಡಾಯಿಯಲ್ಲಿ ಮೀನು ಬೇಯಿಸಿ ಮೇಲೆ ತೇಲುವ ಎಣ್ಣೆ ತೆಗೆಯುತ್ತಿದ್ದರು. ಉಳಿದದ್ದು ತೆಂಗಿನ ಬುಡಕ್ಕೆ. ಪಶ್ಚಿಮ ಕರಾವಳಿಯ ಈ ಎಣ್ಣೆ ಹಡಗು ಹತ್ತಿ ಹೊರದೇಶಕ್ಕೂ ಹೋಗುತ್ತಿತ್ತು. ಆಗ ಮದ್ರಾಸ್ ಪ್ರಾಂತ್ಯದ ಮೀನುಗಾರಿಕೆ ಕೆಲಸ ನೋಡಿಕೊಂಡಿದ್ದವರು ಫ್ರೆಡರಿಕ್ ನಿಕಲ್ಸನ್. ಅವರ ಕಾಲದಲ್ಲಿ, 1914ರಲ್ಲಿ, ಕೋಳಿಕ್ಕೋಡಿನಲ್ಲಿ ಸಾಬೂನಿನ ಸಂಸ್ಥೆ ಶುರುವಾಯಿತು. ಸಾಬೂನಿಗೂ ಮೀನುಗಾರಿಕೆಗೂ ಏನು ಸಂಬಂಧ ಅಂದರೆ, ಈ ಎಣ್ಣೆ. ಮೀನೆಣ್ಣೆಯ ಸಾಬೂನಿನ ನೀರನ್ನು ಕಾಫಿ ಗಿಡದ ರಸ ಹೀರುವ ಹುಳಗಳಿಗೆ ಸಿಂಪಡಿಸುತ್ತಿದ್ದರು. ಎರಡೇ ವರ್ಷದ ಮೇಲೆ, 1916ರಲ್ಲಿ, ಬೆಂಗಳೂರಿನಲ್ಲಿ ಸರ್ಕಾರದ ಸಾಬೂನು ಕಾರ್ಖಾನೆ ಬಂತು, ಶ್ರೀಗಂಧದ ಎಣ್ಣೆಗಾಗಿ. ಒಂದು ಕಡೆ ವಾಸನೆ ಓಡಿಸಲು ಒದ್ದಾಟ, ಇನ್ನೊಂದು ಕಡೆ ಪರಿಮಳ ಹಿಡಿದಿಡಲು ಒದ್ದಾಟ. ನಮ್ಮ ಮನೆಗೆ ನೆಂಟರು ಬಂದ ದಿನ ಮಾತ್ರ ಮೈಸೂರು ಸ್ಯಾಂಡಲ್ ಹೊರಗೆ ಬರುತ್ತಿತ್ತು. ಅಜ್ಜಿ ಅದನ್ನು ಮೈಗಿಂತ ಜಾಸ್ತಿ ಬಟ್ಟೆಯ ಪೆಟ್ಟಿಗೆಯಲ್ಲೇ ಇಡುತ್ತಿದ್ದರು.

ಇನ್ನು ಆ ನೀಲಿ ಡಬ್ಬಿಯ ಕ್ರೀಮ್. ಅದರ ಪಟ್ಟಿಯಲ್ಲಿ ನಿಜವಾಗಿ ಕಡಲಿನದು ಅನ್ನುವಂಥದ್ದು ಎರಡಿತ್ತು: ಕ್ಯಾರಗೀನನ್, ಮತ್ತೆ ಒಂದು ಪಾಚಿಯ ಸಾರ. ಕ್ಯಾರಗೀನನ್ ಅಂದರೆ ಕೆಂಪು ಕಡಲಪಾಚಿಯಿಂದ ತೆಗೆದ ಅಂಟು. ಟೂತ್‌ಪೇಸ್ಟ್ ನೀರಾಗಿ ಹರಿಯದೆ ಬ್ರಷ್ಷಿನ ಮೇಲೆ ನಿಲ್ಲುವುದಕ್ಕೂ ಎಷ್ಟೋ ಸಲ ಇದೇ ಕಾರಣ. ಅಂದರೆ ಬೆಳಗ್ಗೆ ಎದ್ದ ತಕ್ಷಣ ಬಾಯಿಗೆ ಕಡಲಪಾಚಿ ಇಟ್ಟುಕೊಳ್ಳುವವರು ನಮ್ಮಲ್ಲಿ ಬಹಳ ಮಂದಿ, ಮೀನು ಮುಟ್ಟದವರೂ ಸೇರಿ. ಇದು ಪಾಚಿ, ಗಿಡದಂಥದ್ದೇ, ಅವರಿಗೂ ಏನೂ ತೊಂದರೆ ಇಲ್ಲ. ಚೈನಾ ಗ್ರಾಸ್ ಗೊತ್ತಲ್ವಾ, ಪುಡ್ಡಿಂಗ್ ಮಾಡುವುದು? ಅದೂ ಪಾಚಿಯದೇ ಅಂಟು, ಹೆಸರು ಅಗರ್.

ಈ ಪಾಚಿ ಕೀಳುವವರನ್ನು ನಾನು ನೋಡಿದ್ದೇನೆ. ಕೆಲವು ವರ್ಷದ ಹಿಂದೆ ಅಮ್ಮನನ್ನು ರಾಮೇಶ್ವರಕ್ಕೆ ಕರೆದುಕೊಂಡು ಹೋಗಿದ್ದೆ. ಪಾಂಬನ್ ಸೇತುವೆಗೆ ಮೊದಲು ಮಂಡಪಂ ಅನ್ನುವ ಊರು. ರಸ್ತೆ ಬದಿಯಲ್ಲಿ ಏನೋ ಕಂದು ಬಣ್ಣದ್ದು ಒಣಹಾಕಿದ್ದರು. ಕಾರಿನ ಕಿಟಕಿ ಮುಚ್ಚಿದ್ದರೂ ವಾಸನೆ ಒಳಗೆ ಬಂತು. ಉಪ್ಪು, ಕೆಸರು, ಸ್ವಲ್ಪ ಅಯೋಡಿನ್. ಅಮ್ಮ, "ಇದ್ ನಮ್ಮೂರ್ ಕಡ್ಲೇ ಅಲ್ದಾ" ಅಂದರು. ಇಳಿದೆವು.

ಅಲ್ಲಿ ನಾಲ್ಕೈದು ಹೆಂಗಸರು ಆಗಷ್ಟೇ ನೀರಿನಿಂದ ಬಂದಿದ್ದರು. ಸೀರೆಯ ಮೇಲೆ ಗಂಡಸರ ಅಂಗಿ. ಬೆರಳಿಗೆಲ್ಲ ಹಳೆಯ ಬಟ್ಟೆಯ ಚೂರು ಸುತ್ತಿಕೊಂಡಿದ್ದರು. ಕಾಲಿಗೆ ಹಗ್ಗದಿಂದ ಬಿಗಿದ ರಬ್ಬರ್ ಚಪ್ಪಲಿ, ಕಣ್ಣಿಗೆ ಈಜುವವರ ಕನ್ನಡಕ. ಉಸಿರು ಕಟ್ಟಿ ಮುಳುಗಿ, ಬಂಡೆಯಿಂದ ಪಾಚಿ ಕಿತ್ತು, ಸೊಂಟದ ಚೀಲಕ್ಕೆ ತುಂಬಿ, ಮೇಲೆ ಬಂದು ಉಸಿರು ತೆಗೆದುಕೊಂಡು ಮತ್ತೆ ಮುಳುಗುವುದು. ಹೀಗೆ ಐದಾರು ಗಂಟೆ. ಒಬ್ಬರು ಬಟ್ಟೆ ಬಿಚ್ಚಿ ಬೆರಳು ತೋರಿಸಿದರು. ತುದಿಗಳಲ್ಲಿ ಬಿಳಿ ಬಿಳಿ ಗೀರು. ಬಂಡೆ, ಹವಳ, ಚಿಪ್ಪು, ಎಲ್ಲ ಕುಯ್ಯುತ್ತದೆ. ಉಪ್ಪುನೀರಿನಲ್ಲಿ ಗಾಯ ಬೇಗ ಒಣಗುವುದಿಲ್ಲ. ಆ ಕೈಗಳು ಕಿತ್ತದ್ದು ಕೊನೆಗೆ 'ಕೈ ಮೃದುವಾಗಲು' ಅಂತ ಬರೆದ ಲೋಷನ್ ಸೇರಬಹುದು. ಇದನ್ನು ಬರೆಯುವಾಗ ಈಗಲೂ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಅವರ ಬುಟ್ಟಿಯಲ್ಲಿದ್ದ ಒಂದು ಪಾಚಿ ಸಣ್ಣ ಸಣ್ಣ ಕವಲೊಡೆದು ಗುಂಗುರು ಗುಂಗುರಾಗಿತ್ತು. ಹೆಸರು ಕೇಳಿದೆ. "ಮರಿಕ್ಕೊಳುಂದು ಪಾಸಿ" ಅಂದರು. ಮರಿಕ್ಕೊಳುಂದು ಅಂದರೆ ತಮಿಳಿನಲ್ಲಿ ದವನ. ನಮ್ಮಲ್ಲಿ ದೇವರಿಗೆ ಏರಿಸುವ, ಮಲ್ಲಿಗೆಯ ಜೊತೆ ಕಟ್ಟುವ ಅದೇ ದವನ. ವಿಜ್ಞಾನದವರು ಈ ಪಾಚಿಯನ್ನು ಜೆಲಿಡಿಯೆಲ್ಲಾ ಅಸೆರೋಸಾ ಅನ್ನುತ್ತಾರೆ, ಒಳ್ಳೆಯ ಅಗರ್ ಬರುವುದು ಇದರಿಂದ. ದವನಕ್ಕಿರುವ ಪರಿಮಳ ಇದಕ್ಕಿಲ್ಲ. ಆದರೂ ಅದನ್ನು ಕೀಳುವ ಹೆಂಗಸರ ಬಾಯಲ್ಲಿ ಅದು ದವನ. ಕಾರ್ಖಾನೆಗೆ ಹೋಗಿ, ಬೆಂದು, ತೊಳೆದು, ಬಿಳಿ ಪುಡಿಯಾಗಿ, ವಾಸನೆ ಕಳೆದುಕೊಂಡು ಹೊರಬರುವಾಗ ಆ ಹೆಸರೂ ಕಳೆದಿರುತ್ತದೆ. ಅಮ್ಮ ಒಂದು ಚೂರು ತೆಗೆದುಕೊಂಡು ಮೂಸಿ, ಸೆರಗಿನ ತುದಿಗೆ ಕಟ್ಟಿಕೊಂಡರು. ಆ ಹೆಂಗಸರು ನಕ್ಕರು. ಭಾಷೆ ಅಷ್ಟಾಗಿ ಬಾರದಿದ್ದರೂ ಅಮ್ಮನಿಗೂ ಅವರಿಗೂ ಅರ್ಧ ಗಂಟೆ ಮಾತು ನಡೆಯಿತು. ಅದರಲ್ಲಿ ಒಂದು ಮಾತು ನನಗೂ ಅರ್ಥವಾಯಿತು. ಎಷ್ಟು ಸಾಬೂನು ಹಾಕಿದರೂ ಈ ವಾಸನೆ ಹೋಗುವುದಿಲ್ಲವಂತೆ, ಮಕ್ಕಳು ಸ್ಕೂಲಿಗೆ ಹೋಗುವಾಗ ಹತ್ತಿರ ಬರಬೇಡ ಅನ್ನುತ್ತಾರಂತೆ. ಅಮ್ಮ ನನ್ನ ಮುಖ ನೋಡಿದರು. ಏನೂ ಹೇಳಲಿಲ್ಲ.

ಅಲ್ಲಿನ ಕಡಲು ಮನ್ನಾರ್ ಕೊಲ್ಲಿ. 1986ರಲ್ಲಿ ಅಲ್ಲಿ 21 ದ್ವೀಪ ಸೇರಿಸಿ ಕಡಲ ರಾಷ್ಟ್ರೀಯ ಉದ್ಯಾನ ಮಾಡಿದರು. ಹವಳಕ್ಕೆ ಅದು ಬೇಕಿತ್ತು. ಆದರೆ ಅಜ್ಜಿಯ ಕಾಲದಿಂದ ಆ ದ್ವೀಪಗಳ ಸುತ್ತ ಪಾಚಿ ಕಿತ್ತು ಬದುಕಿದ ಹೆಂಗಸರಿಗೆ ತಮ್ಮ ನೀರಿಗೆ ತಾವೇ ಕದ್ದು ಹೋಗಬೇಕಾದ ಹಾಗಾಯಿತು. ಅವರು ಸುಮ್ಮನೆ ಕೂರಲಿಲ್ಲ, ಸಂಘ ಕಟ್ಟಿದರು. ತಿಂಗಳಿಗೆ ಹನ್ನೆರಡು ದಿನ ಮಾತ್ರ ಕೀಳುವುದು, ಬಂಡೆಯನ್ನು ಕಬ್ಬಿಣದಿಂದ ಕೆರೆಯದೆ ಕೈಯಲ್ಲೇ ಕೀಳುವುದು ಅಂತ ತಮಗೆ ತಾವೇ ನಿಯಮ ಹಾಕಿಕೊಂಡರು. ಅವರ ಮುಂದಾಳು, ಚಿನ್ನಪಾಲಂನ ಲಕ್ಷ್ಮಿ ಮೂರ್ತಿಯವರಿಗೆ 2015ರಲ್ಲಿ ಸೀಕಾಲಜಿ ಪ್ರಶಸ್ತಿ ಬಂತು, ದ್ವೀಪಗಳ ಪ್ರಕೃತಿ ಕಾಪಾಡುವವರಿಗೆ ಕೊಡುವುದು. ಸೌಂದರ್ಯದ ಅಂಗಡಿಗಳಲ್ಲಿ ಎಷ್ಟೋ ನಟಿಯರ ಚಿತ್ರ ಇರುತ್ತದೆ. ಒಂದು ಕಡೆಯಾದರೂ ಇವರ ಚಿತ್ರ ಇರಬೇಕಿತ್ತು ಅನ್ನಿಸುತ್ತದೆ ನನಗೆ.

ಕ್ಯಾರಗೀನನ್‌ನ ಪಾಚಿ ಬೇರೆ, ಅದರ ಹೆಸರು ಕಪ್ಪಾಫೈಕಸ್. ಅದು ಇಲ್ಲಿಯದಲ್ಲ, ಫಿಲಿಪ್ಪೀನ್ಸ್ ಕಡೆಯದು. ಭಾವನಗರದ ಉಪ್ಪು ಮತ್ತು ಕಡಲ ರಾಸಾಯನಿಕಗಳ ಕೇಂದ್ರ ಸಂಶೋಧನಾ ಸಂಸ್ಥೆಯವರು 1984ರಲ್ಲಿ ಅದನ್ನು ಜಪಾನಿನಿಂದ ತಂದು ಬೆಳೆಸಿದರು. ಮಂಡಪಂ ಕಡೆ ಬಿದಿರಿನ ಚೌಕಟ್ಟು ಕಟ್ಟಿ, ಹಗ್ಗಕ್ಕೆ ಪಾಚಿಯ ತುಂಡು ಸಿಕ್ಕಿಸಿ ತೇಲಿಬಿಡುತ್ತಾರೆ. 45 ದಿನಕ್ಕೆ ಕೊಯ್ಲು. ಮುಳುಗಬೇಕಾಗಿಲ್ಲ, ಬೆರಳು ಕುಯ್ಯುವುದಿಲ್ಲ. ಎಷ್ಟೋ ಮನೆಗೆ ಇದರಿಂದ ದುಡ್ಡು ಬಂದಿದೆ, ಅದು ದೊಡ್ಡ ವಿಷಯ. ಆದರೆ ಕುರುಸಡೈ ದ್ವೀಪದ ಹತ್ತಿರ ಇದೇ ಪಾಚಿ ಹವಳದ ಮೇಲೆ ಹಬ್ಬಿ ಉಸಿರುಗಟ್ಟಿಸಿದ್ದು 2008ರಲ್ಲಿ ವರದಿಯಾಯಿತು. ಈಗ ನಮ್ಮ ಕರಾವಳಿಯಲ್ಲೂ ಪಾಚಿ ಬೆಳೆಸುವ ಮಾತು ಬರುತ್ತಿರುತ್ತದೆ. ಬೆಳೆಸಲಿ. ನಮ್ಮ ಬಂಡೆಗಳ ಪಾಚಿಯನ್ನೇ ಮೊದಲು ನೋಡಲಿ.

ಯಾಕೆ ಅಂದರೆ ನಮ್ಮ ಬಂಡೆಗಳೂ ಬರಿಗೈಯಲ್ಲಿಲ್ಲ. ಪೋರ್ಫೈರಾ ಅನ್ನುವ ಕುಲದ ತೆಳು ಪಾಚಿ ಪಶ್ಚಿಮ ಕರಾವಳಿಯಲ್ಲಿ ಮಳೆಗಾಲಕ್ಕೆ ಬರುತ್ತದೆ. ನೀರು ಇಳಿದಾಗ ಇದು ಬಂಡೆಯ ಮೇಲೆ ಬಿಸಿಲಿಗೆ ಬಿದ್ದಿರಬೇಕು. ಓಡಿಹೋಗಲು ಕಾಲಿಲ್ಲ. ಅದಕ್ಕೆ ತನ್ನದೇ ಸನ್‌ಸ್ಕ್ರೀನ್ ಮಾಡಿಕೊಂಡಿದೆ. ಬಿಸಿಲಿನಲ್ಲಿರುವ ನೇರಳಾತೀತ ಕಿರಣದಲ್ಲಿ ಅಲೆಯ ಉದ್ದ 334 ನ್ಯಾನೋಮೀಟರ್ ಆಸುಪಾಸಿನದನ್ನು ಹೀರುವ ಒಂದು ಸಣ್ಣ ಅಣು. ಅದರ ಹೆಸರೇ ಪೋರ್ಫೈರಾ-334. ಯುರೋಪಿನವರು ಇದರ ಜಾತಿಯ ಪಾಚಿಯಿಂದ ಆ ಅಣು ತೆಗೆದು ಕ್ರೀಮಿಗೆ ಹಾಕುತ್ತಾರೆ. ಕಡಲಿನಿಂದ ಬಂದ ಪದಾರ್ಥಗಳಲ್ಲಿ ನನಗೆ ಅತಿ ಹೆಚ್ಚು ಪ್ರೀತಿ ಇರುವುದು ಇದರ ಮೇಲೆ. ಪಾಚಿಗೆ ಇದ್ದ ಕಷ್ಟವೇ ನಮಗೂ ಇದೆ, ಅದು ಕಂಡುಕೊಂಡ ಉಪಾಯವೇ ನಮಗೂ ಬೇಕು.

ಎಲ್ಲವೂ ಹೀಗೆ ಹೊಂದುವುದಿಲ್ಲ. 'ಮರೈನ್ ಕೊಲ್ಲಾಜೆನ್' ಈಗ ಎಲ್ಲ ಕಡೆ ಇದೆ. ಕೊಲ್ಲಾಜೆನ್ ಅಂದರೆ ಚರ್ಮವನ್ನು ಬಿಗಿಯಾಗಿಡುವ ಪ್ರೋಟೀನ್, ಇದು ಮೀನಿನ ಚರ್ಮ, ಹುರುಪೆಗಳಿಂದ ತೆಗೆದದ್ದು. ಮಾರುಕಟ್ಟೆಯಲ್ಲಿ ಬಿಸಾಡುವ ಹುರುಪೆ ಕೆಲಸಕ್ಕೆ ಬಂದರೆ ಒಳ್ಳೆಯದೇ. ಕೊಚ್ಚಿಯ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರು ಇದರ ಮೇಲೆ ಒಳ್ಳೆಯ ಕೆಲಸ ಮಾಡಿದ್ದಾರೆ. ಆದರೆ ಹಚ್ಚಿದ ಕೊಲ್ಲಾಜೆನ್ ಚರ್ಮದೊಳಗೆ ಇಳಿದು ಸುಕ್ಕು ತುಂಬುತ್ತದೆ ಅನ್ನುವುದು ಸರಿಯಲ್ಲ. ಅಣುವಿನ ತೂಕ ಅಳೆಯುವುದು ಡಾಲ್ಟನ್‌ನಲ್ಲಿ. 500 ಡಾಲ್ಟನ್‌ಗಿಂತ ದೊಡ್ಡ ಅಣು ಆರೋಗ್ಯವಾದ ಚರ್ಮ ದಾಟುವುದು ಕಷ್ಟ ಅಂತ 2000ದಲ್ಲಿ ಬಾಸ್ ಮತ್ತು ಮೈನಾರ್ಡಿ ಅನ್ನುವ ಚರ್ಮ ತಜ್ಞರು ಬರೆದರು. ಪೂರ್ತಿ ಕೊಲ್ಲಾಜೆನ್‌ನ ಅಣು ಸುಮಾರು 3,00,000 ಡಾಲ್ಟನ್. ಅದು ಮೇಲೆ ಕೂತು ತೇವ ಹಿಡಿದಿಡುತ್ತದೆ. ಆ ತೇವಕ್ಕೂ ಬೆಲೆ ಇದೆ, ಚಳಿಗಾಲದಲ್ಲಿ ನನ್ನ ಮುಖಕ್ಕೆ ಅದೇ ಬೇಕು. ಅಷ್ಟನ್ನೇ ಹೇಳಿ ಮಾರಬಹುದಲ್ವಾ?

ಕ್ರೀಮಿನ ಆ ಕಲ್ಲಂಗಡಿ ಪರಿಮಳ ಏನು ಅಂತಲೂ ಕೊನೆಗೆ ಗೊತ್ತಾಯಿತು. ಬಹುಶಃ ಕ್ಯಾಲೋನ್. 1966ರಲ್ಲಿ ಫೈಜರ್ ಔಷಧ ಕಂಪನಿಯವರು ಕಂಡ ವಸ್ತು. 1990ರ ನಂತರ ಸೆಂಟಿನವರು ಅದನ್ನೇ ಕಡಲಿನ ಪರಿಮಳ ಮಾಡಿಬಿಟ್ಟರು. ನಿಜವಾದ ಕಡಲಿನ ವಾಸನೆಯಲ್ಲಿ ಮುಖ್ಯವಾದದ್ದು ಡೈಮಿಥೈಲ್ ಸಲ್ಫೈಡ್, ಕಣ್ಣಿಗೆ ಕಾಣದ ಪಾಚಿಗಳು ಕೊಳೆಯುವಾಗ, ಬೇರೆ ಜೀವಿಗಳು ಅವನ್ನು ಮೇಯುವಾಗ ಏಳುವಂಥದ್ದು. ಅಂಟಾರ್ಕ್ಟಿಕಾ ಕಡೆಯ ಕೆಲವು ಕಡಲ ಹಕ್ಕಿಗಳು ಇದೇ ವಾಸನೆ ಹಿಡಿದು ಊಟ ಎಲ್ಲಿದೆ ಅಂತ ಹುಡುಕುತ್ತವೆ. ಗೇಬ್ರಿಯಲ್ ನೆವಿಟ್ ಮತ್ತು ಅವರ ಜೊತೆಗಾರರು 1995ರಲ್ಲಿ ಇದನ್ನು ತೋರಿಸಿದರು. ಬೆಳಗಿನ ಜಾವ ದೋಣಿಯಲ್ಲಿ ನಿಂತು ಗಾಳಿ ಮೂಸಿ, "ಈ ಬದಿಗ್ ಮೀನ್ ಇತ್ತ್" ಅನ್ನುತ್ತಿದ್ದ ಅಜ್ಜನ ನೆನಪಾಯಿತು ನನಗೆ.

ಈ ಸಲ ಮೇ ತಿಂಗಳಲ್ಲಿ ಅಣ್ಣನ ಮಗಳೂ ನಾನೂ ಊರಿಗೆ ಹೋಗಿದ್ದೆವು. ಈಗ ದೋಣಿಗಳೆಲ್ಲ ಫೈಬರಿನವು, ಮರದ ದೋಣಿಗೆ ಮಾಡುತ್ತಿದ್ದ ಹಾಗೆ ಮೀನೆಣ್ಣೆ ಕುಡಿಸುವ ಕೆಲಸ ಇಲ್ಲ. ಆದರೆ ಕಡಲ ಬದಿಯ ತೆಂಗಿನ ಮರಗಳ ಕೆಳಗೆ ಒಂದು ಹಳೆಯ ಮರದ ದೋಣಿ ಮಗುಚಿ ಇಟ್ಟಿದ್ದರು. ನಮ್ಮ ದೂರದ ನೆಂಟರು, ನಾನು ಮಾವ ಅನ್ನುವವರು, ಮಳೆಗೆ ಮೊದಲು ಅದಕ್ಕೆ ಎಣ್ಣೆ ಹಚ್ಚುತ್ತಿದ್ದರು. ಬಟ್ಟೆಯ ಉಂಡೆ ಅದ್ದಿ, ಹಲಗೆಯ ಸಂದು ಸಂದಿಗೂ ಒತ್ತಿ ಒತ್ತಿ. ನಲವತ್ತು ಹೆಜ್ಜೆ ದೂರದಿಂದಲೇ ವಾಸನೆ ನನ್ನನ್ನು ಹಿಡಿದು ನಿಲ್ಲಿಸಿತು. ಅಣ್ಣನ ಮಗಳು ದುಪಟ್ಟಾ ಮೂಗಿಗೆ ಒತ್ತಿಕೊಂಡಳು. ನಾನು ಏನೂ ಹೇಳಲಿಲ್ಲ.

ಮಾವ ಅವಳನ್ನು ನೋಡಿ, "ವಾಸ್ನಿ ಆತ್ತಾ ಮಗಾ? ಮೂರ್ ದಿನ ಹೋಪುದಿಲ್ಲ ಇದ್" ಅಂದರು.

ಅವಳು ಹತ್ತಿರ ಹೋದಳು. ಡಬ್ಬಿಯೊಳಗೆ ಬಗ್ಗಿ ನೋಡಿದಳು. ದುಪಟ್ಟಾ ಕೆಳಗೆ ಬಿತ್ತು. "ಇದು ಯಾವ ಮೀನಿನದು?" ಅಂತ ಕೇಳಿದಳು.

"ಬೈಗಿದ್, ಗಂಗೊಳ್ಳಿಂದ ತಂದದ್" ಅಂದರು ಮಾವ. ಆಮೇಲೆ ಕೈಯಲ್ಲಿದ್ದ ಬಟ್ಟೆಯನ್ನು ದೋಣಿಯ ಮೇಲಿಟ್ಟು, ಮುಂಚೆಲ್ಲ ಇದಕ್ಕೆ ತಾಟೆಯ ಲಿವರ್ ಎಣ್ಣೆ ಬೆರೆಸುತ್ತಿದ್ದದ್ದು, ಅದು ಬಿಸಿಲಿಗೆ ಹೇಗೆ ಹೊಳೆಯುತ್ತಿತ್ತು, ಯಾವ ವರ್ಷ ಯಾರ ಬಲೆಗೆ ಎಷ್ಟು ದೊಡ್ಡ ತಾಟೆ ಬಿದ್ದಿತ್ತು, ಎಲ್ಲ ಹೇಳತೊಡಗಿದರು. ಅಣ್ಣನ ಮಗಳು ಮಗುಚಿದ ದೋಣಿಗೆ ಒರಗಿ ಕೇಳುತ್ತಾ ನಿಂತಳು. ಅವಳ ಬಿಳಿ ಕುರ್ತಾದ ತೋಳಿಗೆ ಎಣ್ಣೆ ಹತ್ತುತ್ತಿತ್ತು.